ನುಣ್ಣನೆಯ ಮರಳು, ಒಂದು ಅಡಿ ಆಳ

ನಮ್ಮ ಸಲಹೆಯನ್ನು ಯಾರಾದರೂ ಅಕ್ಷರ ಬಿಡದೆ ಪಾಲಿಸಬಹುದು ಎಂಬ ಯೋಚನೆ ನನಗೆ ಬಂದಿರಲೇ ಇಲ್ಲ. ಅದು ಸಲಹಾ ಸಮಿತಿ. ನಾವು ನೋಡಬೇಕು, ಬರೆಯಬೇಕು, ಕಳಿಸಬೇಕು. ಮಾಡುವುದು ಬಿಡುವುದು ಮೇಲಿನವರಿಗೆ ಸೇರಿದ್ದು. ಬರೆದದ್ದು ಯಾವುದೋ ಕಡತದಲ್ಲಿ ತಣ್ಣಗೆ ಮಲಗಿರುತ್ತದೆ ಎಂಬ ಧೈರ್ಯದಿಂದಲೇ ನಾನು ಅಷ್ಟು ಅಚ್ಚುಕಟ್ಟಾಗಿ ಬರೆಯುತ್ತಿದ್ದೆನೋ ಏನೋ.

ಕೆಜಿಎಫ್‌ನ ಒಂದು ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ಬಂಗಾರಪೇಟೆ ಪಕ್ಕದ ಹಳ್ಳಿಯಿಂದ ದಿನಾ ಬೆಳಗಿನ ರೈಲಿಗೆ ಬಂದು ಸಂಜೆಯ ರೈಲಿಗೆ ಹಿಂದಿರುಗುತ್ತೇನೆ. ಊರಿನ ಪಾರ್ಕು, ಆಟದ ಬಯಲುಗಳ ಬಗ್ಗೆ ನಗರಸಭೆಗೆ ಸಲಹೆ ಕೊಡಲು ಒಂದು ಸಮಿತಿ ಆಗುತ್ತಿದೆ, ಓದಿದ ಹೆಣ್ಣುಮಗಳೊಬ್ಬಳ ಹೆಸರು ಬೇಕು ಎಂದು ಕಾಲೇಜಿಗೆ ಕೇಳಿ ಕಳಿಸಿದಾಗ ಪ್ರಾಂಶುಪಾಲರು ನನ್ನದನ್ನು ಕೊಟ್ಟರು. ನಾನು ಬೇಡ ಎನ್ನುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಜೋರಾಗಿ ಮಾತಾಡಲು ಬಾರದವರಿಗೆ ಇಂಥ ಕೆಲಸಗಳು ತಾವಾಗಿಯೇ ಬಂದು ಅಂಟಿಕೊಳ್ಳುತ್ತವೆ.

ಸಮಿತಿಯಲ್ಲಿ ಐದು ಜನ. ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಅಧ್ಯಕ್ಷರು. ಒಬ್ಬರು ದೈಹಿಕ ಶಿಕ್ಷಕರು, ಒಬ್ಬರು ಮಹಿಳಾ ಸಂಘದವರು, ನಾನು, ಮತ್ತು ಚಾಂಪಿಯನ್ ರೀಫ್ಸ್‌ನಲ್ಲಿ ಗಣಿ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಗಳಿಂದ ಬಂದ ಒಬ್ಬ ಹಿರಿಯರು. ಅವರು ಗಣಿ ಮುಚ್ಚುವವರೆಗೂ ನೆಲದ ಕೆಳಗೆ ದುಡಿದವರು. ಲೈನಿನ ಮಕ್ಕಳೆಲ್ಲ ಅವರನ್ನು ತಾತ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಅವರು ನನ್ನನ್ನು ಮೇಡಮ್ಮ ಎಂದರು, ಅರ್ಧ ಗೌರವಕ್ಕೆ, ಅರ್ಧ ಗೇಲಿಗೆ.

ತಿಂಗಳಿಗೊಮ್ಮೆ ವಾಚನಾಲಯದ ಹಿಂದಿನ ಕೋಣೆಯಲ್ಲಿ ಸೇರುತ್ತಿದ್ದೆವು. ಕೆಲಸ ನಾನೆಣಿಸಿದಷ್ಟು ಹುಸಿಯಾಗಿರಲಿಲ್ಲ. ಬಯಲಿನ ಗೇಟು ಬೆಳಿಗ್ಗೆ ಎಷ್ಟು ಹೊತ್ತಿಗೆ ತೆಗೆಯಬೇಕು, ವಾಲಿಬಾಲ್ ಆಡುವವರೂ ವಾಕಿಂಗ್ ಬರುವವರೂ ಒಂದೇ ಜಾಗವನ್ನು ಹೇಗೆ ಹಂಚಿಕೊಳ್ಳಬೇಕು, ದೀಪದ ಕಂಬ ಎಲ್ಲಿ ಬಂದರೆ ಹೆಣ್ಣುಮಕ್ಕಳು ಸಂಜೆ ಧೈರ್ಯವಾಗಿ ಬರುತ್ತಾರೆ, ಇಂಥ ಸಣ್ಣ ಸಂಗತಿಗಳು. ನಾನು ಟೇಪು ಹಿಡಿದು ಅಳೆಯುತ್ತಿದ್ದೆ. ತಾತ ಅಳೆಯುತ್ತಿರಲಿಲ್ಲ. ಬೆಂಚನ್ನು ಅಲ್ಲಿ ಹಾಕಬೇಡಿ, ನಾಲ್ಕು ಗಂಟೆಗೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎನ್ನುತ್ತಿದ್ದರು. ನಾಲ್ಕು ಗಂಟೆಗೆ ಹೋಗಿ ನಿಂತು ನೋಡಿದರೆ ಹಾಗೇ ಇರುತ್ತಿತ್ತು.

ಅಧ್ಯಕ್ಷರು ಒಂದು ಪದ್ಧತಿ ಇಟ್ಟುಕೊಂಡಿದ್ದರು. ಐದೂ ಜನ ಸಹಿ ಹಾಕದ ಸಲಹೆಯನ್ನು ಅವರು ಕಳಿಸುತ್ತಿರಲಿಲ್ಲ. ಜಗಳವಾಡುವ ಸಮಿತಿಯ ಕಾಗದವನ್ನು ಯಾರೂ ಓದುವುದಿಲ್ಲ ಎಂಬುದು ಅವರ ಅನುಭವ. ಒಬ್ಬರು ಒಪ್ಪದಿದ್ದರೆ ಆ ವಿಷಯ ಮುಂದಿನ ತಿಂಗಳಿಗೆ. ಈ ಪದ್ಧತಿ ನನಗೆ ಮೆಚ್ಚುಗೆಯಾಗಿತ್ತು.

ಲೈನ್ ಮನೆಗಳ ಮುಂದಿನ ಖಾಲಿ ಜಾಗದಲ್ಲಿ ಮಕ್ಕಳ ಪಾರ್ಕು ಮಾಡುವ ಮಾತು ಬಂದಾಗ ಬರೆಯುವ ಕೆಲಸ ನನಗೆ ಬಂತು. ಎರಡು ಉಯ್ಯಾಲೆ, ಒಂದು ಜಾರುಬಂಡೆ, ಪುಟ್ಟ ಮಕ್ಕಳಿಗೆ ಒಂದು ಮರಳಿನ ಗುಂಡಿ. ಮರಳಿನ ಬಗ್ಗೆ ನಾನು ಬರೆದ ವಾಕ್ಯ ಈಗಲೂ ಬಾಯಿಪಾಠವಾಗಿದೆ: 'ಗುಂಡಿಯಲ್ಲಿ ಕಲ್ಲಿಲ್ಲದ ನುಣ್ಣನೆಯ ಮರಳನ್ನು ಒಂದು ಅಡಿ ಆಳಕ್ಕೆ ತುಂಬಬೇಕು, ಕಲ್ಲು ಪುಡಿಮಾಡಿ ತಯಾರಿಸಿದ ಎಂ-ಸ್ಯಾಂಡ್ ಚೂಪಾಗಿರುವುದರಿಂದ ಅದನ್ನು ಬಳಸಕೂಡದು.' ಬರೆದ ಮೇಲೆ ಎರಡು ಸಲ ಓದಿ, ಒಂದು ಅಲ್ಪವಿರಾಮವನ್ನು ತೆಗೆದೆ. ಐದೂ ಜನ ಸಹಿ ಹಾಕಿದರು.

ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಪಾರ್ಕು ತೆರೆಯಿತು. ಮರಳು ತರಿಸುವ ಹೊಣೆಯನ್ನು ನಗರಸಭೆಯವರು ತಾತನಿಗೇ ಬಿಟ್ಟಿದ್ದರು. ನಾನು ಮೌಲ್ಯಮಾಪನದ ಕೆಲಸದಲ್ಲಿದ್ದೆ, ಹೋಗಲಾಗಲಿಲ್ಲ. ಸಮಿತಿಯ ವಾಟ್ಸಾಪ್ ಗುಂಪಿಗೆ ಫೋಟೋ ಬಂತು. ಗುಂಡಿಯ ತುಂಬ ಹಿಟ್ಟಿನಂಥ ಬಿಳಿ ಮರಳು, ಅದರಲ್ಲಿ ಏಳೆಂಟು ಮಕ್ಕಳು. ಆ ಗುಂಪಿನಲ್ಲಿ ನಾನು ಎಂದೂ ಏನನ್ನೂ ಬರೆಯದವಳು. ಅಂದು ಬರೆದೆ: ಮರಳು ತುಂಬ ಚೆನ್ನಾಗಿದೆ, ತಂದವರಿಗೆ ವಂದನೆಗಳು. ತಾತ ಕೈ ಜೋಡಿಸಿದ ಚಿತ್ರ ಕಳಿಸಿದರು.

ಅದಾಗಿ ಐದು ವಾರದ ಮೇಲೆ, ಒಂದು ಗುರುವಾರ, ಉಯ್ಯಾಲೆಗೂ ಜಾರುಬಂಡೆಗೂ ನಡುವಿನ ಅಂತರ ಸಾಕೇ ಎಂದು ಅಳೆಯಲು ಹೋದೆ. ತಾತ ಬೆಂಚಿನ ಮೇಲೆ ಕೂತಿದ್ದರು. ಅವರ ಮೊಮ್ಮಗಳು, ಎರಡು ವರ್ಷ ದಾಟಿದವಳು, ಗುಂಡಿಯ ನಡುವೆ ಕೂತು ತೆಂಗಿನ ಚಿಪ್ಪಿಗೆ ಮರಳು ತುಂಬಿ ತುಂಬಿ ಮಗುಚುತ್ತಿದ್ದಳು. ಸೊಸೆ ಬೆಳಗಿನ ರೈಲಿಗೆ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗುತ್ತಾಳೆ, ಹಗಲೆಲ್ಲ ಮಗು ತನ್ನ ಕೈಗೆ ಎಂದು ಅವರು ಮುಂಚೆಯೇ ಹೇಳಿದ್ದರು.

ನಾನು ಬಗ್ಗಿ ಒಂದು ಹಿಡಿ ತೆಗೆದೆ. ಹೊಳೆಯ ಮರಳು ಬೆರಳಿಗೆ ಕರಕರ ಎನ್ನುತ್ತದೆ, ಬಿಸಿಲಿಗೆ ಅಲ್ಲಲ್ಲಿ ಮಿಂಚುತ್ತದೆ. ಇದು ಮಿಂಚಲಿಲ್ಲ. ಬೂದಿಗಿಂತ ಒಂದಿಷ್ಟು ಬೆಳ್ಳಗೆ, ಮುಖಕ್ಕೆ ಹಾಕುವ ಪೌಡರಿನಂತೆ ಅಂಗೈಯ ಗೆರೆಗಳಲ್ಲಿ ಕೂತುಬಿಟ್ಟಿತು. ಊದಿದರೆ ಕೆಳಗೆ ಬೀಳದೆ ಗಾಳಿಯಲ್ಲೇ ನಿಂತಿತು.

"ಎಂಗೈತೆ ಮೇಡಮ್ಮಾ? ನೀವು ಬರ್ದಂಗೇ ಐತಾ? ಒಂದು ಕಲ್ಲು ಹುಡುಕಿ ಕೊಡಿ ನೋಡಾನ" ಎಂದರು ತಾತ.

ಎಲ್ಲಿಂದ ತಂದಿರಿ ಎಂದು ಕೇಳಿದೆ. ಕೇಳುವಾಗಲೇ ಗೊತ್ತಾಗಿತ್ತು.

"ಇನ್ನೆಲ್ಲಿಂದ? ದಿಬ್ಬದ್ದು. ಎರಡು ಟ್ರ್ಯಾಕ್ಟರ್ ಲೋಡು, ಲೈನಿನ ಹುಡುಗ್ರೆಲ್ಲ ಸೇರಿ ಹೊಡ್ದಿದ್ದು. ಇಂಥ ನುಣುಪು ಇಡೀ ಜಿಲ್ಲೇಲಿ ಸಿಕ್ಕಲ್ಲ."

ದಿಬ್ಬ ಅಂದರೆ ಸೈನೈಡ್ ದಿಬ್ಬ. ನೂರು ವರ್ಷಕ್ಕೂ ಮೇಲೆ ಭೂಮಿಯಿಂದ ತೆಗೆದ ಕಲ್ಲನ್ನು ಹಿಟ್ಟಿನಂತೆ ಅರೆದು, ಸೈನೈಡ್ ನೀರಿನಲ್ಲಿ ಚಿನ್ನವನ್ನು ಕರಗಿಸಿ ತೆಗೆದುಕೊಂಡು, ಉಳಿದ ಪುಡಿಯನ್ನು ಸುರಿದು ಸುರಿದು ಆದ ಬಿಳಿ ಗುಡ್ಡಗಳು. ಕೆಜಿಎಫ್‌ನಲ್ಲಿ ಯಾವ ಕಿಟಕಿ ತೆಗೆದರೂ ಒಂದು ಕಾಣುತ್ತದೆ. ಹೇಳಿ ಹೇಳಿ ರೂಢಿಯಾಗಿ, ಆ ಹೆಸರಿನಲ್ಲಿರುವ ವಿಷವನ್ನು ಇಲ್ಲಿ ಯಾರೂ ಕೇಳಿಸಿಕೊಳ್ಳುವುದಿಲ್ಲ. ನಾನೂ ಬೋರ್ಡಿನ ಮೇಲೆ ಸೈನೈಡಿನ ಸೂತ್ರ ಬರೆದು, ಹಿಂದಿರುಗಿ ಕಿಟಕಿಯಲ್ಲಿ ದಿಬ್ಬವನ್ನು ನೋಡಿ, ಒಂದಕ್ಕೊಂದು ಜೋಡಿಸದೆ ಮನೆಗೆ ಹೋದವಳೇ. ಬಿಸಿಲಿಗೂ ಗಾಳಿಗೂ ಸೈನೈಡ್ ಬಹುಮಟ್ಟಿಗೆ ಹೋಗಿಬಿಡುತ್ತದೆ. ಕಲ್ಲಿನ ನುಣುಪು ಧೂಳು ಹೋಗುವುದಿಲ್ಲ, ಕಲ್ಲಿನೊಳಗಿದ್ದ ಆರ್ಸೆನಿಕ್‌ನಂಥವು ಹೋಗುವುದಿಲ್ಲ. ಎಷ್ಟಿವೆ ಎಂದು ಪರೀಕ್ಷಿಸದೆ ಹೇಳಲಾಗದು. ಆದರೆ ಮಕ್ಕಳನ್ನು ಕೂರಿಸಲು ಅದಕ್ಕಿಂತ ಕೆಟ್ಟ ಮಣ್ಣನ್ನು ಹುಡುಕಿದರೂ ಆ ಊರಿನಲ್ಲಿ ಸಿಕ್ಕುತ್ತಿರಲಿಲ್ಲ. ಅದಕ್ಕಿಂತ ಎಷ್ಟೋ ವಾಸಿಯಾಗುತ್ತಿದ್ದ ಎಂ-ಸ್ಯಾಂಡನ್ನು ನಾನೇ ಬೇಡ ಎಂದು ಬರೆದಿದ್ದೆ.

ಮಗು ಬೆರಳನ್ನು ಬಾಯಿಗಿಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು. ತುಟಿಯ ಸುತ್ತ ಬಿಳಿ ಅಂಟಿತ್ತು.

ಆಗ ನಾನು ಮಾಡಿದ್ದನ್ನು ಬರೆಯಬೇಕು. ಏನೂ ಮಾಡಲಿಲ್ಲ. ಹೌದು ತಾತ, ಕಲ್ಲಿಲ್ಲ ಎಂದೆ. ಉಯ್ಯಾಲೆಗೂ ಜಾರುಬಂಡೆಗೂ ನಡುವಿನ ಅಂತರವನ್ನು ಅಳೆದು, ಬರೆದುಕೊಂಡು, ಹೋಗಿ ಬರುತ್ತೇನೆ ಎಂದು ಹೊರಟೆ. ರೈಲಿನಲ್ಲಿ ಕೂತ ಮೇಲೆ ನೋಡಿದರೆ ಎಡಗೈ ಇನ್ನೂ ಮುಷ್ಟಿಯಾಗಿಯೇ ಇತ್ತು.

ಮನೆಯಲ್ಲಿ ಅಮ್ಮ ಡೇರಿಗೆ ಹಾಲು ಹಾಕಿ ಬಂದು ಕ್ಯಾನು ತೊಳೆಯುತ್ತಿದ್ದರು. ನಡೆದದ್ದನ್ನು ಹೇಳಿದೆ. ಅವರು ಆರ್ಸೆನಿಕ್ ಅಂದರೇನು ಎಂದು ಕೇಳಲಿಲ್ಲ. "ಮಗೂನ ಎತ್ಕೊಂಡು ಈಚೆಗೆ ಬಿಟ್ಟೆ ತಾನೆ?" ಎಂದರು. ಇಲ್ಲ ಎಂದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ, ಮತ್ತೆ ಕ್ಯಾನು ತೊಳೆಯತೊಡಗಿದರು.

ಮಾರನೆಯ ದಿನ ಬೆಳಿಗ್ಗೆ ಅಧ್ಯಕ್ಷರಿಗೆ ಫೋನು ಮಾಡಿದೆ. ಅವರು ಶನಿವಾರ ಮಧ್ಯಾಹ್ನ ತುರ್ತು ಸಭೆ ಎಂದು ಗುಂಪಿಗೆ ಹಾಕಿದರು. ಗುಂಡಿಯನ್ನು ಅಲ್ಲಿಯವರೆಗೆ ಮುಚ್ಚಿಸಬಹುದೇ ಎಂದು ಕೇಳಿದೆ. ಸಮಿತಿಗೆ ಮುಚ್ಚಿಸುವ ಅಧಿಕಾರ ಇಲ್ಲ, ಸಲಹೆ ಹೋಗಬೇಕು, ಸಲಹೆಗೆ ಸಹಿ ಬೇಕು ಎಂದರು. ತಾತನಿಗೆ ನಾನೇ ಫೋನು ಮಾಡಿ ಮಗುವನ್ನು ಬಿಡಬೇಡಿ ಎನ್ನಬಹುದಿತ್ತು. ನಂಬರು ತೆಗೆದೆ, ಒತ್ತಲಿಲ್ಲ. ಸಭೆಯಲ್ಲಿ ಸರಿಯಾಗಿ ವಿವರಿಸಿದರಾಯಿತು, ಫೋನಿನಲ್ಲಿ ತಪ್ಪಾಗಿ ಕೇಳಿಸಬಹುದು ಎಂದು ನನಗೆ ನಾನೇ ಹೇಳಿಕೊಂಡೆ.

ಶನಿವಾರ ಒಂದು ಪುಟ ಬರೆದುಕೊಂಡು ಹೋಗಿದ್ದೆ. ಗುಂಡಿಯ ಮರಳನ್ನು ಕೂಡಲೇ ತೆಗೆಸಬೇಕು, ಪರೀಕ್ಷೆ ಆಮೇಲೆ. ಅದನ್ನು ಸಭೆಗೆ ಓದಿ ಹೇಳಿದೆ. ಮಹಿಳಾ ಸಂಘದವರು ಸೆರಗಿನ ಅಂಚಿನಿಂದ ಬಾಯಿ ಒತ್ತಿಕೊಂಡರು. ಅವರ ಮಗನ ಮಕ್ಕಳಿಬ್ಬರೂ ಅಲ್ಲಿ ಆಡಿದ್ದರು. ದೈಹಿಕ ಶಿಕ್ಷಕರು ಮಾದರಿಯನ್ನು ಬೆಂಗಳೂರಿಗೆ ಕಳಿಸೋಣ, ವರದಿ ಬಂದ ಮೇಲೆ ತೀರ್ಮಾನಿಸೋಣ ಎಂದರು. ಅಧ್ಯಕ್ಷರೂ ಆ ಕಡೆಗೇ ವಾಲಿದಂತಿತ್ತು.

ತಾತ ನನ್ನ ಕಾಗದವನ್ನು ಎಳೆದುಕೊಂಡು, ಕನ್ನಡಕ ಹಾಕಿ, ಮೊದಲಿಂದ ಕೊನೆಯವರೆಗೆ ಓದಿದರು.

"ಎಷ್ಟು ಕೆಟ್ಟದ್ದು? ಅದನ್ನ ಹೇಳಿ."

ಪರೀಕ್ಷೆ ಮಾಡದೆ ಹೇಳಲಾರೆ ಎಂದೆ.

"ಅಂಗಂದ್ರೆ ಗೊತ್ತಿಲ್ಲ."

"ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ತೆಗೆಯಬೇಕು ಅಂತ ಹೇಳ್ತಿರೋದು."

ಅವರು ಉಳಿದವರ ಕಡೆ ತಿರುಗಿದರು. "ಚಡ್ಡಿ ಹಾಕ್ಕೊಳ್ಳೋ ಕಾಲದಿಂದ ಆ ದಿಬ್ಬದ ಮೇಲೆ ತಗಡು ಇಟ್ಕೊಂಡು ಜಾರಿದೀನಿ. ಅದರ ಧೂಳು ಮುದ್ದೇಲಿ ಕಲ್ಸ್ಕೊಂಡು ತಿಂದಿದೀನಿ. ಸತ್ತೋನು ಬಂದು ಕೂತವ್ನೆ ಅಂತ ಬರ್ಕೊಳ್ಳಿ ಸಾಮಿ." ದೈಹಿಕ ಶಿಕ್ಷಕರು ನಕ್ಕರು. ತಾತನೂ ನಗಲು ಹೋಗಿ ಕೆಮ್ಮಿದರು. ಅವರ ಕೆಮ್ಮು ನಿಲ್ಲುವವರೆಗೆ ನಾವು ಕಾಯುತ್ತಿದ್ದುದು ವಾಡಿಕೆ; ಅಂದೂ ಕಾದೆವು. ನಿಂತ ಮೇಲೆ ಅವರು ಕಾಗದವನ್ನು ನನ್ನ ಮುಂದಕ್ಕೆ ತಳ್ಳಿದರು. ಇದಕ್ಕೆ ಸಹಿ ಹಾಕಿದರೆ ಮಕ್ಕಳಿಗೆ ವಿಷ ತಂದು ಸುರಿದವನು ತಾನು ಎಂದು ಒಪ್ಪಿಕೊಂಡಂತೆ, ಹಾಕುವುದಿಲ್ಲ ಎಂದರು. ಯಾರೂ ಹಾಗೆ ಅನ್ನುತ್ತಿಲ್ಲ ಎಂದು ಅಧ್ಯಕ್ಷರು ಸಮಾಧಾನ ಹೇಳಿದರು. ತಾತ ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದುಹೋದರು. ಕೊನೆಗೆ ದೈಹಿಕ ಶಿಕ್ಷಕರೂ ಅಧ್ಯಕ್ಷರೂ ಮೊದಲು ತೆಗೆಸೋಣ ಎಂದು ಒಪ್ಪಿದರು, ನಾಲ್ಕು ಸಹಿ ಬಿತ್ತು. ಐದನೆಯದಿಲ್ಲದೆ ಅಧ್ಯಕ್ಷರು ಕಾಗದವನ್ನು ಕಳಿಸಲಿಲ್ಲ, ನನ್ನ ಕೈಗೇ ಹಿಂದಿರುಗಿಸಿದರು.

ನನಗೆ ಮೆಚ್ಚುಗೆಯಾಗಿದ್ದ ಪದ್ಧತಿ ಅದೇ.

ಭಾನುವಾರ ಕಾಲೇಜಿಲ್ಲ. ಆದರೂ ರೈಲು ಹತ್ತಿದೆ. ಒಬ್ಬಳೇ ಯಾರ ಮನೆಗೂ ಹೋಗಿ ಬಾಗಿಲು ತಟ್ಟಿದವಳಲ್ಲ ನಾನು. ಲೈನ್ ಮನೆಗಳಲ್ಲಿ ತಟ್ಟುವ ಅಗತ್ಯವೂ ಇರಲಿಲ್ಲ, ಬಾಗಿಲು ತೆರೆದೇ ಇತ್ತು. ಒಂದು ಕೋಣೆ, ಹಿಂದೆ ಒಂದು ಸಣ್ಣ ಅಡುಗೆಮನೆ. ತಾತ ನನ್ನನ್ನು ನೋಡಿ ಬನ್ನಿ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಸೊಸೆ ಚಾಪೆ ಹಾಸಿ ಕೂರಿಸಿದಳು. ನನ್ನದೇ ವಯಸ್ಸು ಇರಬಹುದು. ಒಳಗೆ ಟೀಗೆ ನೀರಿಟ್ಟಳು.

ನಿಮ್ಮ ಮೇಲೆ ತಪ್ಪು ಹೊರಿಸಲು ಬಂದಿಲ್ಲ ತಾತ ಎಂದೆ. ವಾಕ್ಯ ನನ್ನದು. ಎಲ್ಲಿಯ ಮರಳು ಎಂದು ನಾನು ಬರೆಯಲಿಲ್ಲ. ನಾನು ಬರೆದದ್ದನ್ನು ನೀವು ತಂದಿರಿ.

ಅವರು ಬಾಗಿಲಾಚೆ ನೋಡುತ್ತಿದ್ದರು. ಅಲ್ಲಿಂದ ದಿಬ್ಬದ ಒಂದು ಮೂಲೆ ಕಾಣುತ್ತಿತ್ತು.

"ಅದನ್ನ ಈಚೆಗೆ ತಂದೋರು ನಾವು" ಎಂದರು. "ನಮ್ಮಪ್ಪ, ನಾನು, ನಮ್ಮಣ್ಣ. ಚಿನ್ನ ಅವರು ಎತ್ಕೊಂಡೋದ್ರು. ನಮಗೆ ಅಂತ ಉಳಿದಿದ್ದು ಇದೊಂದೇ. ನುಣುಪು ಮರಳು ಬೇಕು ಅಂತ ಕಾಗದದಾಗೆ ಓದ್ದಾಗ ನಂಗೆ ಎಷ್ಟು ಸಂತೋಷ ಆತು ಗೊತ್ತಾ ಮೇಡಮ್ಮಾ. ಕೊನೇಗೂ ಇದು ಒಂದು ಕೆಲ್ಸಕ್ಕೆ ಬಂತಲ್ಲಾ ಅಂತ."

ಸಲಹೆಯನ್ನು ಅಷ್ಟು ಪ್ರೀತಿಯಿಂದ ಯಾರಾದರೂ ಓದಿದ್ದಾರೆ ಎಂಬುದೇ ಒಂದು ಪೆಟ್ಟಿನಂತೆ ತಗಲಿತು.

ಸೊಸೆ ಟೀ ತಂದವಳು ಲೋಟ ಕೆಳಗಿಡದೆ ನಿಂತುಬಿಟ್ಟಿದ್ದಳು. ಅವಳಿಗೆ ಮಾವ ಏನೂ ಹೇಳಿರಲಿಲ್ಲ. ಯಾವ ಮರಳಿನ ಮಾತು ಎಂದು ಕೇಳಿದಳು. ನಾನು ಹೇಳಿದೆ, ಆದಷ್ಟು ಸರಳವಾಗಿ, ಗೊತ್ತಿರುವುದನ್ನು ಗೊತ್ತಿದೆ ಎಂದೂ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೂ. ಅವಳು ನಿಧಾನವಾಗಿ ಲೋಟ ಇಟ್ಟಳು. ಮೂಲೆಯಲ್ಲಿ ಮಲಗಿದ್ದ ಮಗುವನ್ನು ಎತ್ತಿಕೊಂಡಳು. ಮಗು ನಿದ್ದೆಯಲ್ಲೇ ಅವಳ ಹೆಗಲಿಗೆ ಮುಖ ಒರಸಿತು.

"ಅಕ್ಕಾ, ಇವಳು ಅದನ್ನ ತಿಂತಾಳೆ. ದಿನಾ. ಮಣ್ಣು ತಾನೆ, ಎಲ್ಲ ಮಕ್ಕಳೂ ತಿಂತಾವೆ ಅಂತ ನಾನೇ ಸುಮ್ಕಿದ್ದೆ." ಆಮೇಲೆ ಕೇಳಿದಳು, "ನೀವು ಅದನ್ನ ನೋಡಿದ್ದು ಯಾವತ್ತು?"

"ಗುರುವಾರ."

"ಇವತ್ತು ಭಾನುವಾರ."

ಅವಳು ದನಿ ಏರಿಸಲಿಲ್ಲ. ಶುಕ್ರವಾರವೂ ಶನಿವಾರವೂ ಮಗು ಅಲ್ಲೇ ಆಡಿತ್ತು. ಈ ಹೊತ್ತು ಬೆಳಿಗ್ಗೆಯೂ, ಅವಳು ಬಟ್ಟೆ ಒಗೆಯುವಾಗ. ಮೂರು ದಿನ ನಾನು ಸರಿಯಾದ ಮಾತಿಗಾಗಿ ಹುಡುಕುತ್ತಿದ್ದೆ. ಅವಳ ಎದುರು ಕೂತು ಆ ದಿನಗಳನ್ನು ಎಣಿಸಿದೆ.

"ಮೇಡಮ್ಮನ್ನ ಏನು ಕೇಳ್ತೀಯಾ" ಎಂದರು ತಾತ, ಸೊಸೆಗೆ. "ಅವ್ರು ನೆನ್ನೇನೇ ಹೇಳಿದ್ರು. ಬೇಡ ಅಂದೋನು ನಾನು. ಈ ಹೊತ್ತು ಬೆಳಿಗ್ಗೆ ಮಗೂನ ಕೈ ಹಿಡ್ಕೊಂಡು ಕರ್ಕೊಂಡೋಗಿದ್ದೂ ನಾನೇ." ನನ್ನ ಕಡೆ ಕೈ ಚಾಚಿದರು. "ಎಲ್ಲಿ ಕಾಗದ?"

ನನ್ನ ಪೆನ್ನನ್ನು ತೆಗೆದುಕೊಂಡು, ನೆಲದ ಮೇಲೆ ಕಾಗದ ಹರವಿ, ಪೂರ್ತಿ ಹೆಸರು ಬರೆದರು. ಮಾಮೂಲಾಗಿ ಅವರು ಎರಡಕ್ಷರದ ಸಹಿ ಹಾಕುತ್ತಿದ್ದರು.

ಸಹಿಯಾದ ಕಾಗದವನ್ನು ಅಧ್ಯಕ್ಷರು ಸೋಮವಾರ ತಾವೇ ಕೈಯಲ್ಲಿ ಹಿಡಿದುಕೊಂಡು ಹೋದರು. ನಗರಸಭೆಯ ಎಂಜಿನಿಯರು ಓದಿ, ಅಲ್ಲೇ ನಿಂತು ಹೂಂ ಎಂದರಂತೆ. ಹೊಸ ಮರಳು ಯಾವಾಗ ಎಂದು ಹೇಳಲಾರೆ, ಇರುವುದನ್ನು ತೆಗೆದುಬಿಡಿ ಎಂದರಂತೆ. ಅದೇ ದಿನ ಸೊಸೆ ಕೆಲಸಕ್ಕೆ ರಜೆ ಹಾಕಿ ಮಗುವನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ನೋಡಿ, ರಕ್ತ ಪರೀಕ್ಷೆಗೆ ಬರೆದುಕೊಟ್ಟು, ಮಗು ಆಡಿಕೊಂಡಿದೆ, ಕಾದು ನೋಡೋಣ ಎಂದರಂತೆ. ಇದನ್ನು ನನಗೆ ತಿಳಿಸಿದ್ದು ತಾತ. ಸೊಸೆ ಆಮೇಲೆ ನನ್ನೊಡನೆ ಮಾತಾಡಿಲ್ಲ. ರೈಲುನಿಲ್ದಾಣದಲ್ಲಿ ಒಮ್ಮೆ ಎದುರಾದಾಗ ತಲೆಯಾಡಿಸಿದಳು, ಅಷ್ಟೇ.

ಮಂಗಳವಾರ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅದೇ ಟ್ರ್ಯಾಕ್ಟರು ಬಂದು ನಿಂತಿತ್ತು. ಮರಳು ತುಂಬಿದ್ದ ಲೈನಿನ ಯುವಕರೇ ಸಲಿಕೆ ಹಿಡಿದು ಬಂದಿದ್ದರು. ಈ ಮೇಡಮ್ಮನಿಗೆ ಮೊದಲು ತುಂಬಿಸೋದು ಬೇಕು, ಆಮೇಲೆ ತೆಗೆಸೋದು ಬೇಕು ಎಂದು ಒಬ್ಬ ನನಗೆ ಕೇಳಿಸುವಂತೆಯೇ ತಮಿಳಿನಲ್ಲಿ ಅಂದ. ಇನ್ನೊಬ್ಬ ಸಲಿಕೆಯನ್ನು ಗುಂಡಿಗೆ ಹಾಕಿದ. ಬಿಳಿ ಧೂಳು ಎದ್ದಿತು.

ತಾತ ಅವನ ಕೈ ಹಿಡಿದು ನಿಲ್ಲಿಸಿದರು. ಎರಡು ಕೊಡ ನೀರು ತರಿಸಿದರು, ಸಾಲದೆ ಇನ್ನೆರಡು. ಕೈಯಿಂದ ಚಿಮುಕಿಸುತ್ತಾ ಗುಂಡಿಯ ಸುತ್ತ ಒಂದು ಸುತ್ತು ಬಂದರು, ಒಂದಿಂಚೂ ಬಿಡದೆ, ಅಂಗಳಕ್ಕೆ ನೀರು ಹಾಕುವವರಂತೆ ಅಲ್ಲ, ಕಸುಬು ತಿಳಿದವರ ಹಾಗೆ ಬಗ್ಗಿ, ನೀರು ಎಷ್ಟು ಇಳಿಯಿತು ಎಂದು ಬೆರಳು ಚುಚ್ಚಿ ನೋಡುತ್ತಾ. ಎಲ್ಲರಿಗೂ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲು ಹೇಳಿ, ತಮ್ಮ ಟವಲ್ಲನ್ನು ಬಿಗಿಯಾಗಿ ಕಟ್ಟಿಕೊಂಡರು. ಬಿಳುಪು ಹೋಗಿ ಗುಂಡಿಯೆಲ್ಲ ಕಪ್ಪು ಬೂದಿಯ ಬಣ್ಣಕ್ಕೆ ತಿರುಗಿದ ಮೇಲೆ ಈಗ ತೆಗೀರಿ ಎಂದರು. ಸಲಿಕೆಗಳು ಇಳಿದವು. ಧೂಳು ಏಳಲಿಲ್ಲ.

ನಾನು ಅವರ ಪಕ್ಕದಲ್ಲಿ ನಿಂತಿದ್ದೆ. ಇದು ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ.

ಟವಲ್ಲಿನ ಒಳಗಿಂದ ಅವರ ಮಾತು ಸಣ್ಣಗೆ ಬಂತು. "ಕೆಳಗೆ ಇಳಿದ ಮೊದಲ್ನೇ ದಿನಾನೇ ಹೇಳಿಕೊಟ್ಟಿದ್ರು, ಮೇಡಮ್ಮಾ. ನೀರು ಹಾಕದೆ ಕಲ್ಲು ಮುಟ್ಟಬ್ಯಾಡ, ಧೂಳು ಎದೆ ತಿಂತೈತೆ ಅಂತ."

ಅಲ್ಲಿ, ಕೆಳಗೆ, ಅದು ಧೂಳು. ಮೇಲೆ ಬಂದಮೇಲೆ ಅದನ್ನು ಅವರು ಧೂಳು ಎಂದುಕೊಂಡೇ ಇರಲಿಲ್ಲ. ಇದು ಅವರಿಗೂ ಆ ಗಳಿಗೆಯಲ್ಲೇ ಹೊಳೆದಿರಬೇಕು, ಏಕೆಂದರೆ ನೀರಿನ ಕೊಡವನ್ನು ಎದೆಗೆ ಆನಿಸಿಕೊಂಡು ಹಾಗೇ ನಿಂತುಬಿಟ್ಟರು. ಯುವಕರು ಟ್ರ್ಯಾಕ್ಟರಿಗೆ ತುಂಬುತ್ತಾ ಹೋದರು. ಒಂದು ಅಡಿ ಆಳದ ಕೆಳಗೆ ಕೆಂಪು ನೆಲ ಕಂಡಾಗ ಅವರು ಕೊಡ ಕೆಳಗಿಟ್ಟು, ಇನ್ನೂ ನಾಲ್ಕು ಬೆರಳು ಅಗೆಯಿರಿ ಎಂದರು.